ತಡವಾಗಿ ಜಿಗಿಯುವ ಟೋಪಿಕಾಕಾ

ಏಪ್ರಿಲ್ 6, 2025, ರವಿವಾರ

ನವನಗರ. ತಮ್ಮ ಯೋಗೀಶನಿಗೆ ಲಕ್ವಾ ಹೊಡೆದದ್ದು ಸಂಕ್ರಾಂತಿಯ ಮರುವಾರ. ಮಾತು ಮರಳಿದೆ, ಕಾಲು ಮರಳಿದೆ, ಬಲಗೈ ಅರ್ಧ ಮರಳಿದೆ. ಅವನ ಬಾಡಿಗೆ ಮನೆ ಎರಡನೆಯ ಮಹಡಿಯಲ್ಲಿತ್ತು. ಹಾಗಾಗಿ ಆಸ್ಪತ್ರೆಯಿಂದ ಬಂದಂದಿನಿಂದ ಅವನೂ ಅವನ ಹೆಂಡತಿ ನಾಗರತ್ನಾಳೂ ಇಲ್ಲಿ ನನ್ನ ಮತ್ತು ಅವ್ವನ ಜೊತೆಗೇ ಇದ್ದಾರೆ.

ಯೋಗೀಶ ಹುಬ್ಬಳ್ಳಿಯಲ್ಲಿ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ವ್ಯಾನಿನ ಮಾಲಕರು ಮಾಲತೇಶ. ಜೂನ್ ಎರಡಕ್ಕೆ ಶಾಲೆ ತೆರೆಯುತ್ತದೆ. ಅಷ್ಟರಲ್ಲಿ ಇವನು ಬರುವನೋ ಇಲ್ಲವೋ ಎಂದು ಅವರು ಕೇಳುತ್ತಿದ್ದಾರೆ. ಇವನು ಬಂದೇ ಬರುತ್ತೇನೆಂದು ಹೇಳುತ್ತಿದ್ದಾನೆ. ಡಾಕ್ಟರು ಮೇ ಕೊನೆಯಲ್ಲಿ ನೋಡಿ ಹೇಳುತ್ತೇನೆಂದರು. ನನ್ನ ಕಡೆ ತಿರುಗಿ, "ಇಲ್ಲಿ ಹತ್ತು ನಿಮಿಷದಾಗ ನನಗೇನು ತಿಳೀತದ್ರಿ? ಮನಿಯಾಗ ಕೈ ಹೆಂಗ ನಡೀತದ ಅನ್ನೋದು ನೀವ ಹೇಳಬೇಕು" ಎಂದರು. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ ಎಂದು ಯಾಕಾದರೂ ಹೇಳಿದೆನೋ.

ಎಡಗೈ ಗೇರಿಗೆ ಹೋದಾಗ ಸ್ಟೇರಿಂಗ್ ಹಿಡಿದಿರುವುದು ಬಲಗೈ ಒಂದೇ. ಇದನ್ನು ನಾನು ಮೊದಲು ಎಂದೂ ಯೋಚಿಸಿರಲಿಲ್ಲ. ಈಗ ಬಸ್ಸು ಹತ್ತಿದರೆ ಚಾಲಕನ ಬಲಗೈಯನ್ನೇ ನೋಡುತ್ತ ಕೂಡುತ್ತೇನೆ. ಚೀಲದಲ್ಲಿ ಒಂದು ಹಂಗೇರಿಯನ್ ಕಾದಂಬರಿಯ ಅನುವಾದವಿದೆ. ನಾಲ್ಕನೆಯ ಅಧ್ಯಾಯದಲ್ಲಿ ನಿಂತಿದೆ.

ಬೆರಳಿಗೆ ಕೆಲಸ ಕೊಡಿ ಎಂದಿದ್ದಾರೆ. ಹಿಸುಕಲೆಂದು ತಂದ ರಬ್ಬರ್ ಚೆಂಡನ್ನು ಯೋಗೀಶ ಎದುರುಮನೆಯ ನಾಯಿಗೆ ಎಸೆದ. "ಅದಕ್ಕ ಆಡಾಕ ಬೇಕಾಗಿತ್ತು" ಎಂದ. ಎಸೆದದ್ದು ಎಡಗೈಯಿಂದ. ನಿನ್ನೆ ಒಂದು ವಿಡಿಯೋ ಗೇಮ್ ತರಿಸಲು ಹಾಕಿದ್ದೇನೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದಂಥದ್ದನ್ನೇ ಈಗ ಸಣ್ಣದಾಗಿ ಮಾಡಿ ಮತ್ತೆ ಮಾರುತ್ತಿದ್ದಾರೆ.

ಈ ದಿನಚರಿಯನ್ನು ಡಾಕ್ಟರಿಗಾಗಿ ಬರೆಯುತ್ತಿಲ್ಲ.

ಏಪ್ರಿಲ್ 10, ಗುರುವಾರ

ಪೆಟ್ಟಿಗೆ ಬಂತು. ನೋಡಲು ಅದೇ ಬೂದು ಬಣ್ಣ, ಅದೇ ಕೆಂಪು ಪಟ್ಟಿ. ಕ್ಯಾಸೆಟ್ ಹಾಕುವ ಬಾಯಿ ಮಾತ್ರ ತೆರೆಯುವುದಿಲ್ಲ, ಬರೀ ಗೆರೆ ಕೊರೆದಿದ್ದಾರೆ. ಆಟಗಳೆಲ್ಲ ಒಳಗೇ ಇವೆಯಂತೆ. ಎತ್ತಿದರೆ ಭಾರವೇ ಇಲ್ಲ. ಅವ್ವ ಅಂಗೈ ಮೇಲಿಟ್ಟುಕೊಂಡು, "ಇದು ಅದರ ಮರಿ ಏನ?" ಎಂದಳು.

ಯೋಗೀಶನ ಮುಖ ಬಹಳ ದಿನಗಳ ಮೇಲೆ ಅರಳಿತು. ಆಟಗಳ ಪಟ್ಟಿಯಲ್ಲಿ ಹುಡುಕಿ ಹುಡುಕಿ ಚಿಕ್ಕಂದಿನ ನಮ್ಮ ಆಟವನ್ನೇ ತೆಗೆದ. ದೊಡ್ಡ ಟೋಪಿಯ ಒಬ್ಬ ಮನುಷ್ಯ ಹೊಳೆಯಲ್ಲಿ ತೇಲುವ ದಿಮ್ಮಿಯಿಂದ ದಿಮ್ಮಿಗೆ ಜಿಗಿಯುತ್ತ ಆಚೆ ದಡ ಸೇರಬೇಕು. ಅವನ ಖರೇ ಹೆಸರು ನಮಗೆ ಎಂದೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅವನು ಟೋಪಿಕಾಕಾ. ನಡೆಸುವುದು ಎಡ ಹೆಬ್ಬೆರಳು, ಜಿಗಿಸುವುದು ಬಲ ಹೆಬ್ಬೆರಳು. ಕಾಕಾ ಬಿದ್ದರೆ ಪಾಳಿ ಮುಗಿಯಿತು, ರಿಮೋಟು ಇನ್ನೊಬ್ಬರಿಗೆ. ಈ ಆಟದಲ್ಲಿ ಯೋಗೀಶನನ್ನು ಸೋಲಿಸುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ.

ಮೊದಲ ದಿಮ್ಮಿಯಿಂದಲೇ ಬಿದ್ದ. ಮತ್ತೆ ಬಿದ್ದ. "ಒತ್ತೀನಿ. ಒತ್ತೀನಲ್ಲ!" ಎಂದು ಟೀವಿಗೆ ಹೇಳಿದ. ಕಾಕಾ ದಿಮ್ಮಿಯ ಅಂಚಿಗೆ ಬಂದು, ನೀರಿಗೆ ಕಾಲಿಟ್ಟು, ಆಮೇಲೆ ಜಿಗಿಯುವ ಮನಸ್ಸು ಮಾಡಿದವನ ಹಾಗೆ ಕಾಣುತ್ತಿದ್ದ. ಎಷ್ಟೋ ಸಲ ಬಿದ್ದ ಮೇಲೆ ಯೋಗೀಶ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟ. ಎಸೆದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಕೈ ಹೋತಕ್ಕ" ಎಂದ.

ಚಮಚೆ ಜಾರಿದಾಗ ಹೀಗೆ ಹೇಳಿರಲಿಲ್ಲ. ಸಹಿ ಸೊಟ್ಟಗಾದಾಗಲೂ ಹೇಳಿರಲಿಲ್ಲ.

"ಪೆಟ್ಟಿಗೀದ ತಪ್ಪಿರಬೇಕೋ" ಎಂದೆ. ಹಾಗೆನ್ನಲು ನನ್ನ ಬಳಿ ಆಧಾರವೇನೂ ಇರಲಿಲ್ಲ. ಊಟಕ್ಕೆ ರೊಟ್ಟಿ ಮುರಿದು ಪಲ್ಯದಲ್ಲಿ ಕಲಸಿ, ಮಾವಿನಹಣ್ಣು ಹೆಚ್ಚಿ ಕೊಟ್ಟೆ. ಅರ್ಧಕ್ಕೇ ಎದ್ದ.

ಏಪ್ರಿಲ್ 12, ಶನಿವಾರ

ಬೀಜ ಮೊಳೆಯದಿದ್ದರೆ ಬೀಜವನ್ನು ಬಯ್ಯುವ ಮೊದಲು ಗೊತ್ತಿದ್ದ ಒಳ್ಳೆಯ ಬೀಜವನ್ನು ಅದೇ ಕಾಗದದಲ್ಲಿ, ಅದೇ ನೀರಿನಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಅದೂ ಮೊಳೆಯದಿದ್ದರೆ ತಪ್ಪು ನಮ್ಮದು. ನಾಗರತ್ನಾ ಅವನನ್ನು ವ್ಯಾಯಾಮಕ್ಕೆ ಕರೆದುಕೊಂಡು ಹೋದಾಗ ಬಾಗಿಲು ಹಾಕಿಕೊಂಡು ನಾನೇ ಆಡಿದೆ. ನನ್ನ ಕೈಗೆ ಯಾವ ರೋಗವೂ ಇಲ್ಲ.

ಬಿದ್ದೆ. ಅವನು ಬಿದ್ದಲ್ಲೇ, ಅವನು ಬಿದ್ದ ಹಾಗೆಯೇ.

ಇಷ್ಟು ಸಂತೋಷದಿಂದ ನಾನು ಯಾವುದರಲ್ಲೂ ಸೋತಿಲ್ಲ. ಆಮೇಲೆ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಕೊಂಡವರೆಲ್ಲ ಅದನ್ನೇ ದೂರಿದ್ದಾರೆ: ಬಟನ್ ಒತ್ತಿದ್ದು ಪರದೆಗೆ ತಡವಾಗಿ ಮುಟ್ಟುತ್ತದೆ, ದೊಡ್ಡ ಟೀವಿಯಲ್ಲಿ ಇನ್ನೂ ತಡ, ಬಣ್ಣ ತೊಳೆದಂತಿದೆ, ಹಾಡು ಒಂದು ಸ್ವರ ಕೆಳಗಿದೆ. ಒಬ್ಬನಂತೂ 'ಇದು ಆ ಯಂತ್ರವಲ್ಲ, ಅದರ ಫೋಟೋ' ಎಂದು ಬರೆದಿದ್ದಾನೆ. ಅನುವಾದ ಓದುವಾಗ ವಾಕ್ಯವೊಂದು ಕುಂಟಿದರೆ ಮೂಲ ಹೀಗಿರಲಾರದು ಎಂದುಕೊಂಡು ಮುಂದೆ ಹೋಗುವುದು ನನ್ನ ರೂಢಿ. ಮೂಲವನ್ನು ಎಂದೂ ನೋಡಿಲ್ಲ, ನೋಡುವುದೂ ಇಲ್ಲ. ಆದರೂ ನಂಬುತ್ತೇನೆ.

ಯೋಗೀಶನಿಗೆ ಒಂದೊಂದನ್ನೇ ಓದಿ ಹೇಳಿದೆ. ಕಣ್ಣೆದುರಿಗೇ ಬೆನ್ನು ನೆಟ್ಟಗಾಯಿತು.

"ಅಂದ್ರ ನನ್ನ ಕೈದಲ್ಲ ತಪ್ಪು?"

"ನಾನೂ ಬಿದ್ನೆಪಾ."

"ನೀ ಹೆಂಗೂ ಬೀಳಾಕಿನ. ಮಂದಿ ಏನಂತಾರ ಅದನ್ನ ಹೇಳು." ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದ: "ಯವ್ವಾ, ನಮ್ಮ ಹಳೇದು ಎಲ್ಲೈತಿ? ಅದನ್ನ ತಗೀರಿ. ತೋರಸ್ತೇನಿ ಎಲ್ಲಾರಿಗೂ."

ಏಪ್ರಿಲ್ 13, ರವಿವಾರ

ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಎರಡು ರಿಮೋಟು, ಮೂರು ಕ್ಯಾಸೆಟ್ಟು. ಟೋಪಿಕಾಕಾನ ಕ್ಯಾಸೆಟ್ಟೂ ಇದೆ. ಯಂತ್ರದ ಮೈಮೇಲೆ ಒಣಗಿದ ಮೂರು ವಿಭೂತಿ ಪಟ್ಟಿ, ನಡುವೆ ಕುಂಕುಮ. ಮಹಾನವಮಿಯ ದಿನ ಅವ್ವ ಹೊಲಿಗೆ ಯಂತ್ರ, ಮಿಕ್ಸರ್, ಅಪ್ಪನ ಸ್ಕೂಟರಿನ ಜೊತೆ ಇದನ್ನೂ ಪೂಜಿಸುತ್ತಿದ್ದಳು. ಯಾವುದೋ ಒಂದು ಪೂಜೆಯಾದ ಮೇಲೆ ಅದು ಚಾಲೂ ಆಗಲೇ ಇಲ್ಲ. ಇಂದೂ ಆಗಲಿಲ್ಲ.

"ವರ್ಷಾ ಪೂಜಿ ಮಾಡೀನಿ. ಆದರೂ ಕೈ ಕೊಟ್ಟೈತಿ ನೋಡು ಮೂಳಾ" ಎಂದಳು ಅವ್ವ.

ಯೋಗೀಶ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಚಹಾ ಕುಡಿದ. ಬಲಗೈಯನ್ನು ಅದರ ಮೇಲೆ ಇಟ್ಟಿದ್ದ. ಬೆರಳು ಎಷ್ಟು ಮಡಿಚಿದ್ದವು ಎಂದು ನೋಡಿದೆ. ತೋರುಬೆರಳು ಪೂರ್ತಿ, ಉಳಿದವು ಮುಕ್ಕಾಲು, ಹೆಬ್ಬೆರಳು ಹೇಳಲಾಗದು.

ಏಪ್ರಿಲ್ 17, ಗುರುವಾರ

ಅರ್ಧ ದಿನ ರಜೆ ಹಾಕಿ ಯಂತ್ರವನ್ನು ಹಳೇ ಹುಬ್ಬಳ್ಳಿಗೆ ಒಯ್ದೆ. ಅಹಮದಸಾಬರ ಅಂಗಡಿ. ಅವರು ಈಗಲೂ ಡಬ್ಬಿ ಟೀವಿ ರಿಪೇರಿ ಮಾಡುತ್ತಾರೆ ಎಂದು ಪ್ರಯೋಗಾಲಯದಲ್ಲಿ ಯಾರೋ ಹೇಳಿದ್ದರು. ಅಂಗಡಿಯಲ್ಲಿ ಅಂಥ ಟೀವಿ ನಾಲ್ಕೈದಿದ್ದವು. ಒಂದರಲ್ಲಿ ಕ್ರಿಕೆಟ್ ಓಡುತ್ತಿತ್ತು.

"ಇಂಥಾವು ನೂರು ಎಬ್ಬಿಸೀನ್ರಿ" ಎಂದು, ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಿದರು. ಚಟ್ ಎಂದಿತು, ಸುಟ್ಟ ವಾಸನೆ ಬಂತು. "ಈಗ ನೂರಾ ಒಂದನೇದು ಮಲಗಿತು" ಎಂದು ತಾವೇ ನಕ್ಕರು. ನನಗೆ ನಗು ಬರಲಿಲ್ಲ. ಪಾಪ, ಒಳಗೆ ಸುಟ್ಟದ್ದು ಒಂದು ಸಣ್ಣ ಭಾಗವಷ್ಟೇ, ಹಾಕಿಕೊಡುತ್ತೇನೆ ಎಂದು ನನಗೆ ಸಮಾಧಾನ ಹೇಳಿದರು.

ಆಮೇಲೆ ಸ್ಕ್ರೂ ಬಿಚ್ಚಿ, ಕ್ಯಾಸೆಟ್ ಕೂಡುವ ಬಾಯಿಯನ್ನು ಬೆಳಕಿಗೆ ಹಿಡಿದು ಇಣುಕಿದರು.

"ಏನ್ರಿ ಅಕ್ಕಾರ, ಇದಕ್ಕೇನು ಮದುವಿ ಮಾಡಿದ್ರೇನ್ರಿ?"

ಬಾಯಿಯೊಳಗಿನ ಹಿತ್ತಾಳೆ ಹಲ್ಲುಗಳ ನಡುವೆ ಕುಂಕುಮ, ವಿಭೂತಿ ಗಟ್ಟಿಯಾಗಿ ತುಂಬಿತ್ತು. ಜೊತೆಗೆ ಬನ್ನಿ ಎಲೆಯ ಚೂರು. ಹಬ್ಬದಲ್ಲಿ ಅವ್ವ ಬನ್ನಿ ಬಂಗಾರವನ್ನು ಅಲ್ಲೇ ಸಿಗಿಸುತ್ತಿದ್ದಳು, ಬಾಯಿ ಇದ್ದದ್ದಕ್ಕೆ ತಿನ್ನಿಸಬೇಕು ಎಂಬಂತೆ. ಒಂದೊಂದು ವರ್ಷ ಒಂದೊಂದು ಪದರ. ನಮ್ಮ ಮನೆಯಲ್ಲಿ ಯಂತ್ರ ಸತ್ತದ್ದು ಭಕ್ತಿಯಿಂದ.

"ತೊಳೀತೇನ್ರಿ. ಖರೇ ಪುಣ್ಯಾ ಮಾಡಿದ ಮಷೀನು" ಎಂದರು.

ಏಪ್ರಿಲ್ 26, ಶನಿವಾರ

ದಿನವೂ ಸಂಜೆ ಹೊಸ ಪೆಟ್ಟಿಗೆಯಲ್ಲೇ ಆಡುತ್ತಿದ್ದೇವೆ. ತಪ್ಪು ಪೆಟ್ಟಿಗೆಯದು ಎಂದು ತೀರ್ಮಾನವಾದ ಮೇಲೆ ಬೀಳುವುದು ಯೋಗೀಶನಿಗೆ ಮೋಜಾಗಿದೆ. ಬಿದ್ದಾಗಲೆಲ್ಲ ತಯಾರಿಸಿದವರ ಮನೆತನವನ್ನು ನೆನೆಯುತ್ತಾನೆ. ಅವ್ವ, "ಪಾಪ, ಆ ಟೋಪಿ ಹಾಕ್ಕೊಂಡಾಂವಗ ಯಾರರ ಈಜು ಕಲಸ್ರಿ" ಎನ್ನುತ್ತಾಳೆ. ಯೋಗೀಶ ಇಷ್ಟು ನಕ್ಕದ್ದು ಜನವರಿಯಿಂದ ಇಲ್ಲ.

ಇವತ್ತು ಟೀವಿಯ ಸೆಟ್ಟಿಂಗ್ ಹುಡುಕುವಾಗ 'ಗೇಮ್' ಎಂಬುದೊಂದು ಸಿಕ್ಕಿತು. ಅದನ್ನು ಒತ್ತಿದ ಮೇಲೆ ತಡ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆದರೆ ಉಳಿದ ತಡ ಯಾವಾಗಲೂ ಒಂದೇ ಅಳತೆಯದು. ಅಂಚಿಗೆ ಬರುವ ಮೊದಲೇ ಒತ್ತಿದರಾಯಿತು. ನನ್ನ ಹೆಬ್ಬೆರಳು ಇದನ್ನು ತಾನೇ ಕಲಿತುಬಿಟ್ಟಿದೆ. ಒಂದೇ ಪಾಳಿಯಲ್ಲಿ ಆಚೆ ದಡ ಮುಟ್ಟಿದೆ. "ಹೊಡದೆ!" ಎಂದು ಕೂಗಿಯೂ ಬಿಟ್ಟೆ.

ಯೋಗೀಶ ನನ್ನನ್ನು ನೋಡಲಿಲ್ಲ. ನನ್ನ ಕೈಯನ್ನು ನೋಡಿದ.

ಅವನ ಪಾಳಿ ಬಂತು. ಅವನಿಗೂ ಅದೇ ಟೀವಿ, ಅದೇ ತಡ. ಬಿದ್ದ.

ಏಪ್ರಿಲ್ 27, ರವಿವಾರ

ಇಂದು ಬೇಕೆಂದೇ ಬಿದ್ದೆ.

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ಮಾಲತೇಶ ಊಟಕ್ಕೆ ಬಂದಿದ್ದರು. ಒಳ್ಳೆಯ ಮನುಷ್ಯ, ಹೋಳಿಗೆಗೆ ತುಪ್ಪ ಸಾಕೆನ್ನುವುದೇ ಇಲ್ಲ. ಬದಲಿ ಡ್ರೈವರನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ.

"ಮಕ್ಕಳು ಕೇಳತಾವೋ ಯೋಗೀಶಾ, ನಮ್ಮ ಅಂಕಲ್ ಯಾವಾಗ ಬರ್ತಾರ ಅಂತ. ಆ ಹುಡುಗ ಗಾಡ್ಯಾಗ ಹಾಡು ಹಚ್ಚಂಗಿಲ್ಲಂತ."

"ಬರ್ತೇನ್ರಿ. ಕೈ ಐತ್ರಿ ನಂದು. ಈ ಸುಳ್ಳ ಮಷೀನು ಲೇಟ್ ಮಾಡತೈತಿ. ನಮ್ಮಕ್ಕನ್ನ ಕೇಳ್ರಿ, ಅಕಿನೂ ದಿನಾ ಬೀಳಾಕತ್ತಾಳ. ಹಳೇದು ರಿಪೇರಿಯಾಗಿ ಬರ್ಲಿ, ನಿಮ್ಮೆದುರಿಗೇ ಆಡಿ ತೋರಸ್ತೇನಿ."

ಮಾಲತೇಶ ನನ್ನತ್ತ ತಿರುಗಿದರು. "ಆಟ ಗೀಟ ನನಗ ತಿಳಿಯಂಗಿಲ್ರಿ ಅಕ್ಕಾರ. ನೀವು ಹೂಂ ಅಂದ್ರ ನನಗ ಸಾಕು."

"ನೋಡೋಣ್ರಿ" ಎಂದೆ.

ಪ್ರಯೋಗಾಲಯದಲ್ಲಿ ಪಕ್ಕಕ್ಕಿಟ್ಟ ಒಳ್ಳೆಯ ಬೀಜವನ್ನು ಯಾರಾದರೂ ಕುದಿಸಿ ಇಟ್ಟರೆ ಅವರನ್ನು ಅಂದೇ ಮನೆಗೆ ಕಳಿಸುತ್ತಾರೆ. ಆ ವ್ಯಾನಿನಲ್ಲಿ ಕೂಡುವ ಮಕ್ಕಳನ್ನು ನಾನು ನೋಡಿಲ್ಲ. ನೋಡಿಲ್ಲದ್ದರಿಂದ ಎಲ್ಲ ಮಕ್ಕಳೂ ಅವರೇ ಆಗಿ ಕಾಣುತ್ತಿದ್ದಾರೆ. ಸಂಜೆ ಹಾಲು ತರಲು ಹೋದಾಗ ರಸ್ತೆಯಲ್ಲಿ ಆಡುತ್ತಿದ್ದ ಹುಡುಗರನ್ನು ಸುಮ್ಮಸುಮ್ಮನೆ ಗದರಿ ಪಕ್ಕಕ್ಕೆ ಸರಿಸಿದೆ.

ಮೇ 2, ಶುಕ್ರವಾರ

ಬಿದ್ದೆ. ಅವನೂ ಬಿದ್ದ. ಹೊರಗೆ ಗುಡುಗು, ಮಳೆ ಬರಲಿಲ್ಲ.

ಮೇ 7, ಬುಧವಾರ

ಅಹಮದಸಾಬರ ಫೋನ್. ಯಂತ್ರ ಎದ್ದಿದೆ. ಕೆಲಸ ಮುಗಿಸಿ ನೇರವಾಗಿ ಹೋದೆ. ಮನೆಯಲ್ಲಿ ಹೇಳಲಿಲ್ಲ.

ಡಬ್ಬಿ ಟೀವಿಗೆ ಜೋಡಿಸಿಟ್ಟಿದ್ದರು. ಕ್ಯಾಸೆಟ್ ಒಳಗೆ ಕೂಡುವಾಗ ಆ 'ಕಟಕ್' ಶಬ್ದ ನನ್ನ ಕಿವಿಯಲ್ಲಿ ಇನ್ನೂ ಇತ್ತೆಂದು ಗೊತ್ತಿರಲಿಲ್ಲ. ಹಾಡು ಸರಿಯಾದ ಸ್ವರದಲ್ಲಿ ಶುರುವಾಯಿತು. ಹೊಳೆ ನೀಲಿಯಲ್ಲ, ಹಸಿರು ಬೆರೆತ ನೀಲಿ. ಹೊಸ ಪೆಟ್ಟಿಗೆಯಲ್ಲಿ ಅಂಚುಗಳನ್ನು ಎಷ್ಟು ಚೂಪು ಮಾಡಿದ್ದಾರೆಂದರೆ ಕಾಕಾ ಇಟ್ಟಿಗೆ ಜೋಡಿಸಿದಂತೆ ಕಾಣುತ್ತಾನೆ. ಇಲ್ಲಿ ಪರದೆಯ ಮಂಜಿನಲ್ಲಿ ಅವನ ಟೋಪಿ ದುಂಡಗಿದೆ, ಮುಖಕ್ಕೆ ಮೀಸೆಯಿದೆ. ಅವನಿಗೆ ಮೀಸೆಯಿದ್ದದ್ದೇ ನನಗೆ ಮರೆತುಹೋಗಿತ್ತು.

ಒತ್ತಿದೆ, ಜಿಗಿದ. ನಡುವೆ ಏನೂ ಇಲ್ಲ. ಮೊದಮೊದಲು ಬೇಗ ಒತ್ತಿ ಬೇಗ ಜಿಗಿಸಿಬಿಟ್ಟೆ, ಹೊಸ ಪೆಟ್ಟಿಗೆ ನನ್ನ ಕೈಗೆ ಅಷ್ಟು ಕೆಟ್ಟ ರೂಢಿ ಹಚ್ಚಿದೆ. ಎರಡು ಮೂರು ಪಾಳಿಯಲ್ಲಿ ಸರಿಹೋಯಿತು. ದಡ ಮುಟ್ಟಿದೆ, ಮುಂದಿನ ಹೊಳೆ ದಾಟಿದೆ, ಅದರ ಮುಂದಿನದನ್ನೂ ದಾಟಿದೆ. ದಿಮ್ಮಿಗಳ ಓಟ ಹೆಚ್ಚಿತು. ಅಂಗಡಿಗೆ ಯಾರೋ ಬಂದರು, ಹೋದರು.

"ಅಕ್ಕಾರ, ಈಗ ನನ್ನ ಪಾಳಿ ಬಿಡ್ರಿ. ರಿಪೇರಿ ಮಾಡಿದಾಂವ ನಾನು" ಎಂದರು ಅಹಮದಸಾಬ. ಅವರು ಎರಡನೆಯ ದಿಮ್ಮಿಗೇ ಬಿದ್ದರು. ನಾನು ನಕ್ಕೆ. ಅವರು, "ನಗ್ರಿ ನಗ್ರಿ, ನಿಮ್ಮ ಮಿಕ್ಸರ್ ಕೆಟ್ಟು ಬರ್ತದಲ್ಲ ಒಂದಿನಾ" ಎಂದರು.

ಕತ್ತಲಾದದ್ದು ನೋಡಿ ಎದ್ದೆ. ಎದ್ದ ಮೇಲೆ ಹೊಳೆಯಿತು. ಈ ಯಂತ್ರ ಏನನ್ನೂ ಮುಚ್ಚುವುದಿಲ್ಲ. ಇದರ ಮುಂದೆ ಯೋಗೀಶ ಬಿದ್ದರೆ ಬಯ್ಯಲು ಯಾರೂ ಉಳಿಯುವುದಿಲ್ಲ.

"ಕಟ್ಟಿಕೊಡ್ಲೇನ್ರಿ? ಟೀವಿನೂ ಒಯ್ರಿ, ಹೊಸಾ ಟೀವ್ಯಾಗ ಇದೂ ತಡಾ ಮಾಡ್ತದ. ನನಗೂ ಜಾಗಾ ಆಗ್ತದ."

"ಇರ್ಲಿ ಬಿಡ್ರಿ. ಆಮ್ಯಾಲ ಬರ್ತೇನಿ."

ಅವರಿಗೆ ಅರ್ಥವಾಗಲಿಲ್ಲ. ನಾನು ಕಣ್ಣುಜ್ಜಿಕೊಳ್ಳುವುದನ್ನು ನೋಡಿ, ಆಟವಾಡಿದ್ದಕ್ಕೆ ಕಣ್ಣು ನೋಯುತ್ತಿರಬೇಕೆಂದು ನೀರು ಕೊಟ್ಟರು.

ಮೇ 8, ಗುರುವಾರ

"ಏನಂದ್ರು ಸಾಬ್ರು?" ಎಂದು ಯೋಗೀಶ ಕೇಳಿದ.

"ಒಂದು ಪಾರ್ಟ್ ಬರಬೇಕಂತ."

"ಎಲ್ಲಿಂದ?"

"ಮುಂಬಯಿಂದ."

ಸುಳ್ಳಿಗೆ ಊರಿನ ಹೆಸರೂ ಇಷ್ಟು ಸಲೀಸಾಗಿ ಬರುತ್ತದೆ.

ಮೇ 13, ಮಂಗಳವಾರ

ಪಕ್ಕದ ಮನೆಯವರು ಊರಿಗೆ ಹೋಗುವಾಗ ಕಾರಿನ ಕೀಲಿ ಅವ್ವನ ಹತ್ತಿರ ಇಟ್ಟು ಹೋಗಿದ್ದಾರೆ. ನಾನು ಕೆಲಸದಿಂದ ಬಂದಾಗ ಯೋಗೀಶ ಆ ಕಾರಿನಲ್ಲಿ ಕೂತಿದ್ದ. ಗಾಡಿ ಚಾಲೂ ಇರಲಿಲ್ಲ. ಗ್ಲಾಸು ಏರಿಸಿತ್ತು. ಎಡಗೈ ಗೇರು ಹಾಕುತ್ತಿತ್ತು, ಬಲಗೈ ಸ್ಟೇರಿಂಗಿನ ಮೇಲಿತ್ತು. ಎದುರಿಗೆ ಗೋಡೆ, ಆದರೂ ಅವನು ಕನ್ನಡಿ ನೋಡಿ ತಿರುವು ತೆಗೆದುಕೊಳ್ಳುತ್ತಿದ್ದ. ನಾನು ಗೇಟಿನ ಹಿಂದೆ ನಿಂತೆ. ಪ್ರತಿ ಗೇರಿಗೂ ಸ್ಟೇರಿಂಗ್ ಎಡಕ್ಕೆ ಚೂರು ವಾಲುತ್ತಿತ್ತು. ಅವನು ಅದನ್ನು ಸರಿಪಡಿಸುತ್ತಿದ್ದ. ಸರಿಪಡಿಸಲು ಎಷ್ಟು ಹೊತ್ತಾಗುತ್ತಿತ್ತು? ಗ್ಲಾಸಿನ ಮೇಲೆ ಬಿಸಿಲು ಬಿದ್ದಿತ್ತು, ಸ್ಪಷ್ಟವಾಗಿ ಕಾಣಲಿಲ್ಲ. ಅಥವಾ ಕಂಡಿತು.

ಅವನಿಗೆ ಗೊತ್ತಾಗದಂತೆ ಹಿಂದಿರುಗಿ ಬಸ್ ನಿಲ್ದಾಣದವರೆಗೂ ಹೋಗಿ ಮತ್ತೆ ಬಂದೆ. ಆಗ ಸೋಫಾದ ಮೇಲಿದ್ದ. "ಇವತ್ತ ತಡಾ ಆತಲ್ಲಕ್ಕ" ಎಂದ.

ಡಾಕ್ಟರ ಭೇಟಿ ಇಪ್ಪತ್ತೆಂಟಕ್ಕೆ.

ಮೇ 18, ರವಿವಾರ

ನಾಗರತ್ನಾ ಹುಬ್ಬಳ್ಳಿಯ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಬರುತ್ತಾಳೆ, ಮನೆಯಲ್ಲಿ ಮಾತು ಕಡಿಮೆ. ಇವತ್ತು ಹಪ್ಪಳ ಒಣಹಾಕಲು ಮಾಳಿಗೆಗೆ ಹೋದಾಗ ನನ್ನ ಹಿಂದೆಯೇ ಬಂದಳು.

"ಅಕ್ಕಾರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆಟದಾಗ ನೀವು ಬೀಳೋದು ನೋಡೀನ್ರಿ. ನೀವು ಬಟನ್ ಒತ್ತಂಗೇ ಇಲ್ಲ."

ನಾನು ಹಪ್ಪಳ ತಿರುವಿ ಹಾಕಿದೆ. ತಿರುವುವ ಅಗತ್ಯವಿರಲಿಲ್ಲ, ಆಗಷ್ಟೇ ಹಾಕಿದ್ದವು.

"ಸೀರಿ ತೋರಸೋ ಮುಂದ ನಾವೂ ಹಿಂಗ ಮಾಡ್ತೇವ್ರಿ. ಕೊಳ್ಳೋರಿಗೆ ಒಂದು ಬಣ್ಣ ಒಪ್ಪಂಗಿಲ್ಲಂದ್ರೂ ಛಲೋ ಕಾಣತದ್ರಿ ಅಂತೇವಿ. ಅದು ಸೀರಿ ಮಾತಾತು." ಒಂದು ಹಪ್ಪಳ ಸರಿಸಿಟ್ಟು ಹೇಳಿದಳು: "ನಾ ಅವರ ಅಂಗಿ ಗುಂಡಿ ಹಾಕೋದು ಬಿಟ್ಟೇನ್ರಿ. ಒಂದೊಂದು ದಿನ ಬಾಳ ಹೊತ್ತು ಹಿಡೀತದ. ನಾ ಹೊರಗ ನಿಂತಿರ್ತೇನಿ. ಒಳಗ ಹೋಗಂಗಿಲ್ಲ."

"ಅವಗ ಗೊತ್ತೈತೇನು?" ಎಂದೆ. ನಾನು ಬೇಕೆಂದೇ ಬೀಳುವ ವಿಷಯ.

"ಅವರು ಹೇಳಂಗಿಲ್ಲ, ನಾ ಕೇಳಂಗಿಲ್ಲ."

ಕೆಳಗಿನಿಂದ ಯೋಗೀಶ ಕೂಗಿದ: "ಏನ್ರಿ, ಮ್ಯಾಲ ಇಬ್ಬರೂ ಸೇರಿ ಹಪ್ಪಳಾ ಸುಡಾಕತ್ತೀರೋ ನನ್ನ ಸುಡಾಕತ್ತೀರೋ?"

ಮೇ 20, ಮಂಗಳವಾರ

ಆಡಲಿಲ್ಲ. ತಲೆನೋವೆಂದೆ. ಅವನು ಒಬ್ಬನೇ ಆಡಿದ. ನಾನಿಲ್ಲದಿದ್ದಾಗ ಪೆಟ್ಟಿಗೆಯನ್ನು ಬಯ್ಯುವುದಿಲ್ಲ. ಸದ್ದಿಲ್ಲದೆ ಆಡುತ್ತಾನೆ. ಒಳಗಿನ ಕೋಣೆಯಿಂದ ಕಾಕಾ ನೀರಿಗೆ ಬೀಳುವ ಶಬ್ದವನ್ನೇ ಕೇಳುತ್ತ ಮಲಗಿದ್ದೆ. ನಡುನಡುವೆ ಕೆಲವು ಸಲ ಶಬ್ದಕ್ಕೆ ಬಹಳ ಹೊತ್ತು ಕಾಯಬೇಕಾಯಿತು. ಅಷ್ಟು ಹೊತ್ತು ಅವನು ದಿಮ್ಮಿಯ ಮೇಲಿದ್ದ ಎಂದೇ ಅರ್ಥವೇ? ಅಥವಾ ಸುಮ್ಮನೆ ಕೂತಿದ್ದನೇ? ಎದ್ದು ಹೋಗಿ ನೋಡಬಹುದಿತ್ತು.

ಮೇ 24, ಶನಿವಾರ

ನಿನ್ನೆ ರಾತ್ರಿಯ ಗಾಳಿಮಳೆಗೆ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಪ್ರಯೋಗಾಲಯದಿಂದ ಮಧ್ಯಾಹ್ನವೇ ಮನೆಗೆ ಬಂದೆ. ಅವ್ವ ಬುಟ್ಟಿ ತುಂಬ ಆಪೂಸು ತರಿಸಿದ್ದಳು. ಎಲ್ಲರೂ ಹಿಂದಿನ ಕಟ್ಟೆಯ ಮೇಲೆ ಕೂತು ಹಿಚುಕಿ ತಿಂದೆವು. ಯೋಗೀಶನ ಮೊಳಕೈವರೆಗೂ ರಸ ಇಳಿದು ಅಂಗಿಯೆಲ್ಲ ಹಳದಿಯಾಯಿತು. ಹಣ್ಣು ಈ ಸಲ ಬಹಳ ಸಿಹಿ.

ಅಲ್ಲೇ ಕೂತು ಮಾಲತೇಶರಿಗೆ ಫೋನ್ ಹಚ್ಚಿದ. ಸೋಮವಾರ ಖಾಲಿ ವ್ಯಾನನ್ನು ನವನಗರಕ್ಕೆ ತರಿಸಬೇಕು, ಇಲ್ಲಿನ ಅಗಲ ರಸ್ತೆಗಳಲ್ಲಿ ಒಂದು ಸುತ್ತು ಓಡಿಸಿ ನೋಡುತ್ತೇನೆ ಎಂದ. ಡಾಕ್ಟರ ಭೇಟಿಗೂ ಮೊದಲೇ. ಆಮೇಲೆ ಫೋನನ್ನು ನನ್ನ ಕಡೆ ಚಾಚಿದ. ಬಲಗೈಯಿಂದ ಚಾಚಿದ, ರಸದಿಂದ ಜಾರುತ್ತಿತ್ತು, ಆದರೂ ಬೀಳಿಸಲಿಲ್ಲ.

"ಏನಂತೀರಿ ಅಕ್ಕಾರ? ಕಳಸ್ಲ್ಯಾ?" ಎಂದರು ಮಾಲತೇಶ.

"ನೋಡೋಣ್ರಿ. ನಾಳೆ ಹೇಳ್ತೇನಿ."

ಫೋನ್ ಇಟ್ಟ ಮೇಲೆ ಯೋಗೀಶ ಬಹಳ ಹೊತ್ತು ವಾಟೆ ಚೀಪಿದ. ಆಮೇಲೆ ಹೇಳಿದ:

"ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ. ಎರಡು ತಿಂಗಳಾತು, ನೋಡೋಣ, ನೋಡೋಣ. ಲಕ್ವಾ ನನಗ ಹೊಡದೈತೋ ನಿನಗ ಹೊಡದೈತೋ?"

ಅವ್ವ, "ಬಿಡ್ತು ಅನ್ನೋ" ಎಂದು ಗದರಿದಳು. ನಾಗರತ್ನಾ ಸಿಪ್ಪೆ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಏನ ನೋಡ್ತೀಯಕ್ಕ?" ಎಂದ. ಈ ಸಲ ಮೆಲ್ಲಗೆ. "ನೀ ನೋಡಿದ್ದನ್ನ ನನಗ ಹೇಳಂಗಿಲ್ಲ. ಡಾಕ್ಟರಿಗೆ ಹೇಳ್ತಿ, ಮಾಲತೇಶಪ್ಪಗ ಹೇಳ್ತಿ. ಕೈ ಯಾರದು?"

ಒಳಗೆ ಬಂದು ಸೀರೆ ಮಡಚಿದೆ. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದೆ. ಇಷ್ಟು ದಿನ ನಾನು ಹೆದರಿದ್ದು ಅವನು ಬೀಳುತ್ತಾನೆಂದಲ್ಲ, ಬಿದ್ದದ್ದನ್ನು ನಾನು ಹೇಳಬೇಕಾಗುತ್ತದೆಂದು. ಹೇಳಬೇಕಾದವಳು ನಾನಲ್ಲ ಎಂದು ಅವನೇ ಹೇಳುತ್ತಿದ್ದಾನೆ. ಇದರಿಂದ ಹೆದರಿಕೆ ಕಡಿಮೆಯಾಗಬೇಕಿತ್ತು, ಆಗಿಲ್ಲ. ಅವನು ಒಳ್ಳೆಯ ಯಂತ್ರದಲ್ಲೂ ಬಿದ್ದರೆ ನಾಳೆ ಸಂಜೆ ಈ ಮನೆ ಹೇಗಿರುತ್ತದೆ ಎಂದು ಊಹಿಸಲಾರೆ. ದಾಟಿದರೆ? ಆಗಲೂ ಅದು ಹೊಳೆ, ರಸ್ತೆಯಲ್ಲ. ಡಾಕ್ಟರು ಇದ್ದೇ ಇದ್ದಾರೆ, ಬುಧವಾರ ಇದ್ದೇ ಇದೆ. ಅಲ್ಲಿಗೆ ಹೋಗುವ ಮೊದಲು ಅವನು ತನ್ನ ಕೈಯನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಲಿ. ನಡುವೆ ಪೆಟ್ಟಿಗೆ ಬೇಡ, ನಾನೂ ಬೇಡ.

ಸಂಜೆ ಅಹಮದಸಾಬರಿಗೆ ಫೋನ್ ಮಾಡಿದೆ. "ಅಂತೂ ನೆನಪಾತೇನ್ರಿ! ನಾ ಐದನೇ ಹೊಳಿ ಮುಟ್ಟೇನ್ರಿ, ಈಗ ಕೊಡಾಕ ಮನಸಿಲ್ಲ" ಎಂದರು. ನಾಳೆ ರವಿವಾರವಾದರೂ ಅಂಗಡಿ ತೆರೆಯುತ್ತಾರಂತೆ.

ಬೆಳಿಗ್ಗೆ ಆಟೋ ಮಾಡಿಕೊಂಡು ಹೋಗಿ ಯಂತ್ರವನ್ನೂ ಡಬ್ಬಿ ಟೀವಿಯನ್ನೂ ತರುತ್ತೇನೆ. ಮುಂಬಯಿಯಿಂದ ಯಾವ ಪಾರ್ಟೂ ಬರಬೇಕಾಗಿರಲಿಲ್ಲ ಎಂದು ಹೊಸ್ತಿಲಲ್ಲೇ ಹೇಳುತ್ತೇನೆ. ಅವನು ಏನೆಂದರೂ ಕೇಳಿಸಿಕೊಳ್ಳುತ್ತೇನೆ. ಮಾಲತೇಶರಿಗೆ ನಾನು ಫೋನ್ ಮಾಡುವುದಿಲ್ಲ. ಆಡಿದ ಮೇಲೆ ಹೂಂ ಎನ್ನುವುದೋ ಊಹೂಂ ಎನ್ನುವುದೋ ಅವನ ಬಾಯಿಂದಲೇ ಬರಲಿ. ಬುಧವಾರ ಡಾಕ್ಟರು ನನ್ನತ್ತ ತಿರುಗಿದರೆ ನಾನು ಅವನತ್ತ ತಿರುಗುತ್ತೇನೆ.

ಮೊದಲ ಪಾಳಿ ನನ್ನದು. ನಾನು ಬೀಳುವುದಿಲ್ಲ.